ಸುಗ್ಗಿ ಕಾಲದಲ್ಲಿ ಪುಸ್ತಕದ ಕೆಲಸ: ಕಾಯುವುದು ಯಾವುದು, ಕಾಯದ್ದು ಯಾವುದು?

ಕನಕಪುರ ರಸ್ತೆಯಿಂದ ಸ್ವಲ್ಪ ಒಳಕ್ಕಿರುವ ನಮ್ಮೂರಲ್ಲಿ ನನಗೆ ಮೂರೂವರೆ ಎಕರೆ ಹೊಲ. ಎರಡೂವರೆ ಎಕರೆಗೆ ಮಳೆ ನಂಬಿದ ರಾಗಿ, ಅದರೊಳಗೆ ಅಕ್ಕಡಿ ಸಾಲಿನಲ್ಲಿ ಸೊಗಡಿನ ಅವರೆ. ಉಳಿದದ್ದರಲ್ಲಿ ಸೊಪ್ಪು, ಒಂದಿಷ್ಟು ತೆಂಗು, ಎರಡು ಹಸು. ಇದರ ಜೊತೆಗೆ ಇನ್ನೊಂದು ಕೆಲಸ ಅಂಟಿಕೊಂಡು ಆರು ವರ್ಷವಾಯಿತು. ಜೆ.ಪಿ. ನಗರದ ಒಂದು ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಹಳೆಯ ಕನ್ನಡ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತೇವೆ. ಸಂಬಳವಿಲ್ಲ, ಪ್ರಯಾಣ ಭತ್ಯೆಯಿಲ್ಲ. ಆದರೆ ಕೆಲಸ ಮಾತ್ರ ಸಂಬಳದ ಕೆಲಸಕ್ಕಿಂತ ಬಿಗಿ.

ಈ ಕೆಲಸದ ಒತ್ತಡ ಜೋರಾಗುವುದು ಡಿಸೆಂಬರ್‌–ಜನವರಿಯಲ್ಲಿ. ನಮ್ಮ ಸುಗ್ಗಿಯೂ ಆಗಲೇ. ಎರಡನ್ನೂ ಕೆಡಿಸದೆ ನಡೆಸಿಕೊಂಡು ಹೋಗುವ ಬಗೆ ಹೇಗೆ ಎಂದು ಹಲವರು ಕೇಳಿದ್ದಾರೆ. ನಾವು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಏನಿದು ಪುಸ್ತಕದ ಕೆಲಸ?

ಓಲೆಗರಿ ನೂರಾರು ವರ್ಷ ಬಾಳುತ್ತದೆ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಅಚ್ಚಾದ ಪುಸ್ತಕಗಳ ಕಥೆ ಬೇರೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಉಳಿದಿರುತ್ತದೆ. ವರ್ಷ ಕಳೆದಂತೆ ಅದು ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಹಪ್ಪಳ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಬಹಳ ಅಭಾವವಿತ್ತು. ಆಗ ಅಚ್ಚಾದವುಗಳ ಸ್ಥಿತಿ ಎಲ್ಲಕ್ಕಿಂತ ಕೆಟ್ಟದು. ಪುಟ ತಿರುವಿದರೆ ಮೂಲೆ ಕೈಗೆ ಬರುತ್ತದೆ.

ಇಂಥ ಪುಸ್ತಕವನ್ನು ಉಳಿಸುವುದರಲ್ಲಿ ಎರಡು ಹಂತ. ಮೊದಲನೆಯದು ಪುಟಗಳ ಚಿತ್ರ ತೆಗೆಯುವುದು. ಪುಸ್ತಕವನ್ನು ಪೂರ್ತಿ ಬಿಚ್ಚಿ ಅಂಗಾತ ಒತ್ತಿದರೆ ಬೆನ್ನು ಮುರಿಯುತ್ತದೆ. ಅದಕ್ಕೆ ಮಡಚಿದ ಮೊರದ ಹಾಗಿನ ಒಂದು ತೊಟ್ಟಿಲಲ್ಲಿ ಅರ್ಧ ಬಿಚ್ಚಿ ಇಡುತ್ತೇವೆ. ಮೇಲೆ ಗಾಜು, ಎರಡು ಕಡೆಗೆ ಎರಡು ಕ್ಯಾಮೆರಾ. ಒಬ್ಬರು ಪುಟ ತಿರುವುವುದು, ಇನ್ನೊಬ್ಬರು ಚಿತ್ರ ಸರಿ ಬಂತೇ ಎಂದು ನೋಡುವುದು.

ಎರಡನೆಯದು ಅಕ್ಷರದ ಕೆಲಸ. ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರವೇ ಓದಿ ಬೆರಳಚ್ಚಿನ ಪಠ್ಯವಾಗಿ ಮಾಡಿಕೊಡುತ್ತದೆ. ಇದಕ್ಕೆ ಓಸಿಆರ್ ಎನ್ನುತ್ತಾರೆ. ಆದರೆ ಹಳೆಯ ಅಚ್ಚು, ಮಾಸಿದ ಶಾಯಿ, ಒತ್ತಕ್ಷರ ಎಲ್ಲ ಸೇರಿದರೆ ಅದು ಎಡವುತ್ತದೆ. ಪ ಇದ್ದಲ್ಲಿ ಷ, ಘ ಇದ್ದಲ್ಲಿ ಫ. ಅನುಸ್ವಾರ ಇರಬೇಕಾದಲ್ಲಿ ಸೊನ್ನೆ ಅಂಕಿ, ಅರ್ಕಾವೊತ್ತು ಇರಬೇಕಾದಲ್ಲಿ ಒಂಬತ್ತು. ಮನುಷ್ಯರು ಕುಳಿತು ಚಿತ್ರದ ಜೊತೆ ಹೋಲಿಸಿ ಒಂದೊಂದು ಪುಟವನ್ನೂ ತಿದ್ದಬೇಕು.

ಈ ತಿದ್ದುವ ಕೆಲಸಕ್ಕೆ ನಾವು ಕನ್ನಡ ವಿಕಿಸೋರ್ಸ್ ಎಂಬ ಅಂತರ್ಜಾಲದ ಗ್ರಂಥಾಲಯವನ್ನು ಬಳಸುತ್ತೇವೆ. ಅಲ್ಲಿ ಪ್ರತಿ ಪುಟಕ್ಕೂ ಬಣ್ಣದ ಗುರುತು. ಯಾರೂ ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದ ಮೇಲೆ ಹಳದಿ. ಇನ್ನೊಬ್ಬರು ಮತ್ತೊಮ್ಮೆ ನೋಡಿ ಒಪ್ಪಿದರೆ ಹಸಿರು. ತಿದ್ದಿದವರೇ ಒಪ್ಪಿಗೆ ಕೊಡುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಗೆ ತಂದಿತು. ಅಂಥ ದೊಡ್ಡ ಗ್ರಂಥಗಳ ಪಠ್ಯವೂ ಸ್ವಯಂಸೇವಕರ ಕೈಯಿಂದ ಹೀಗೆ ಪುಟಪುಟವಾಗಿಯೇ ಮೇಲೇರಬೇಕು.

ಜನವರಿ 1 ಎಂದರೆ ಪುಸ್ತಕದ ಸುಗ್ಗಿ

ಎಲ್ಲ ಪುಸ್ತಕಗಳನ್ನೂ ಹೀಗೆ ಏರಿಸಲು ಕಾನೂನು ಬಿಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಅವರ ವಾರಸುದಾರರದು. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಕೃತಿಯಾದರೆ ಅಚ್ಚಾದ ವರ್ಷದಿಂದ ಲೆಕ್ಕ. ಅವಧಿ ಮುಗಿದ ಮೇಲೆ ಬರುವ ಜನವರಿ 1ರಂದು ಕೃತಿ ಎಲ್ಲರ ಸ್ವತ್ತಾಗುತ್ತದೆ.

ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ.ಶ್ರೀ ಮತ್ತು ಕೈಲಾಸಂ 1946ರಲ್ಲಿ ತೀರಿಕೊಂಡವರು. ಅವರ ಕಾಲದಲ್ಲಿ ಅಚ್ಚಾದ ಕೃತಿಗಳಿಗೆ ಈಗ ತಡೆಯಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಹೋದದ್ದು 1963ರಲ್ಲಿ. ಹಾಗಾಗಿ ಅವರ ಕೃತಿಗಳ ಬಾಗಿಲು ತೆರೆದದ್ದು 2024ರ ಜನವರಿ 1ಕ್ಕೆ. ವರ್ಷಾವರ್ಷ ಹೀಗೆ ಹೊಸ ಹೆಸರುಗಳು ಸೇರುತ್ತಲೇ ಇರುತ್ತವೆ. ಡಿಸೆಂಬರಿನಲ್ಲಿ ಯಾರ್‍ಯಾರ ಪುಸ್ತಕ ಎಲ್ಲೆಲ್ಲಿ ಸಿಗುತ್ತದೆಂದು ಹುಡುಕಿ ಗೊತ್ತುಮಾಡಿಕೊಳ್ಳಬೇಕು. ಜನವರಿಯಲ್ಲಿ ಚಿತ್ರ ತೆಗೆಯಬೇಕು. ಗುಂಪಿನವರೆಲ್ಲ ಹುರುಪಿನಲ್ಲಿರುವ ಕಾಲವದು.

ಚಳಿಗಾಲ ಬಿಡುವಿನ ಕಾಲವಲ್ಲ

ಪೇಟೆಯ ಗೆಳೆಯರು, "ಮಳೆ ಹೋಯ್ತಲ್ಲ ಗೌಡ್ರೇ, ಇನ್ನು ನಿಮಗೆ ಫ್ರೀ ಅಲ್ವಾ?" ಎನ್ನುತ್ತಾರೆ. ನಮ್ಮ ಕಡೆಯ ಲೆಕ್ಕ ಹೀಗಿದೆ:

ಜುಲೈ ಕೊನೆಗೆ ಬಿತ್ತಿದ ಜಿಪಿಯು–28 ರಾಗಿ 110–115 ದಿನಕ್ಕೆ ಬರುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಹೆಚ್ಚುಕಡಿಮೆ ಅದರ ಆಸುಪಾಸಿನಲ್ಲೇ ನಮ್ಮಲ್ಲಿ ಕುಡುಗೋಲು ಮಸೆಯುವುದು. ಕೊಯ್ದ ರಾಗಿ ಎರಡು ಮೂರು ದಿನ ಹೊಲದಲ್ಲೇ ಒಣಗಬೇಕು. ಆಮೇಲೆ ಕಂತೆ ಕಟ್ಟಿ ಮೆದೆ ಒಟ್ಟುವುದು. ಕಣ ಮಾಡುವುದು ಸಂಕ್ರಾಂತಿ ಕಳೆದ ಮೇಲೆ.

ಅವರೆಯದು ಬೇರೆ ದಾರಿ. ಹೆಬ್ಬಾಳ ಅವರೆ–4ರಂಥ ತಳಿಗಳನ್ನು ವರ್ಷದ ಯಾವ ಕಾಲದಲ್ಲೂ ಬೆಳೆಯಬಹುದು. ನಾಟಿ ಅವರೆ ಹಾಗಲ್ಲ. ಹಗಲು ಚಿಕ್ಕದಾದರೆ ಮಾತ್ರ ಹೂ. ಇಬ್ಬನಿ ಬಿದ್ದರೆ ಮಾತ್ರ ಸೊಗಡು. ಡಿಸೆಂಬರ್‌ನಿಂದ ಜನವರಿ ಕೊನೆಯವರೆಗೆ ವಾರಕ್ಕೆ ಎರಡು ಸಲ ಕೀಳಬೇಕು. ಕಾಯಿ ಎಳೆಯದಾದರೆ ಕಾಳಿಲ್ಲ, ಎರಡು ದಿನ ತಡವಾದರೆ ಸಿಪ್ಪೆ ಒಣಗಿ ಬೆಲೆಯಿಲ್ಲ. ಇಡೀ ಬೆಂಗಳೂರು ಹಿತಕಿದ ಬೇಳೆ ತಿನ್ನುವುದು ಆ ಆರೇಳು ವಾರ ಮಾತ್ರ. ನಮಗೆ ನಾಲ್ಕು ಕಾಸು ಕೈಯಲ್ಲಾಡುವುದೂ ಆಗಲೇ.

ಇದರ ಮೇಲೆ ಹಸುಗಳ ಹಾಲು, ಹುಲ್ಲು, ಊರಿನ ಮದುವೆ, ದೇವರ ಕಾರ್ಯ. ಫ್ರೀ ಎಂಬ ಮಾತೇ ಇಲ್ಲ.

ಮೆದೆಯಿಂದ ಕಲಿತ ಪಾಠ

ಹಾಗಾದರೆ ಹೊತ್ತು ಸಿಗುವುದೆಲ್ಲಿ? ನಮ್ಮ ಹಿರಿಯರು ಮೆದೆಯನ್ನು ಸುಮ್ಮನೆ ಮಾಡಿದ್ದಲ್ಲ. ತೆನೆ ಒಳಗೆ, ಬುಡ ಹೊರಗೆ ಇಟ್ಟು ಮೇಲೆ ಇಳಿಜಾರು ಮಾಡಿ ಒಟ್ಟಿದರೆ ಸಣ್ಣಪುಟ್ಟ ಮಳೆಗೆ ನೀರು ಇಳಿಯದು. ಇಲಿಯ ಕಾಟ ಒಂದಿಷ್ಟು ಇದ್ದದ್ದೇ, ಆದರೂ ತಿಂಗಳೆರಡು ತಿಂಗಳು ರಾಗಿ ಅಲ್ಲಿ ಸುಖವಾಗಿರುತ್ತದೆ. ಹಾಗಾಗಿ ಕೊಯ್ಲಿನ ಕೂಲಿ ಮುಗಿಸಿ, ಅವರೆ ಮಾರಿ, ಬಿಸಿಲು ಗಾಳಿ ನೋಡಿಕೊಂಡು ಕಣಕ್ಕೆ ಕೈಹಾಕಬಹುದು. ಒಂದು ದೊಡ್ಡ ಕೆಲಸವನ್ನು ಎರಡಾಗಿ ಒಡೆದು, ನಡುವೆ ಬಿಡುವು ಮಾಡಿಕೊಡುವ ಉಪಾಯವದು. ಹೊಲದಲ್ಲಿ ಕೊಯ್ದು ಹಾಕಿದ ರಾಗಿ ಕಾಯುವುದಿಲ್ಲ, ಮೆದೆಯ ರಾಗಿ ಕಾಯುತ್ತದೆ. ಅವರೆಯಂತೂ ಯಾರಿಗೂ ಕಾಯುವುದಿಲ್ಲ.

ಪುಸ್ತಕದ ಕೆಲಸಕ್ಕೂ ಇದೇ ಲೆಕ್ಕ ಹಾಕಿದೆವು. 200 ಪುಟದ ಒಂದು ಪುಸ್ತಕ ಎನ್ನಿ. ಚಿತ್ರ ತೆಗೆಯಲು ಇಬ್ಬರಿಗೆ ಒಂದು ಗಂಟೆ, ಪುಡಿಯಾಗುವ ಕಾಗದವಾದರೆ ಎರಡು. ತಿದ್ದಲು ಪುಟಕ್ಕೆ 20 ನಿಮಿಷ ಹಿಡಿದರೂ 65 ಗಂಟೆಗೆ ಮೇಲಾಯಿತು. ಎರಡನೇ ಓದು ಬೇರೆ. ಚಿತ್ರದ ಕೆಲಸ ಚಿಕ್ಕದು, ಆದರೆ ಅದು ಕಾಯುವುದಿಲ್ಲ. ಎರವಲು ತಂದ ಪುಸ್ತಕ ಹಿಂದಿರುಗಿಸಬೇಕು. ಕಾಗದ ದಿನೇ ದಿನೇ ಸಾಯುತ್ತಿರುತ್ತದೆ. ಮನೆ ಬದಲಿಸುವವರು ರದ್ದಿಗೆ ಹಾಕುವ ಮೊದಲು ನಾವು ಹೋಗಬೇಕು. ತಿದ್ದುವ ಕೆಲಸ ದೊಡ್ಡದು, ಆದರೆ ಚಿತ್ರ ತೆಗೆದಾಗಿದ್ದರೆ ಅದು ಮೆದೆಯ ರಾಗಿಯ ಹಾಗೆ. ಫೆಬ್ರವರಿಗೂ ಆದೀತು, ಯುಗಾದಿಗೂ ಆದೀತು.

ಇದನ್ನು ಗುಂಪಿನ ಮುಂದಿಟ್ಟೆ. ಸುಗ್ಗಿಯಲ್ಲಿ ನನ್ನ ಪಾಲಿಗೆ ಭಾನುವಾರದ ಚಿತ್ರದ ಕೆಲಸ ಮಾತ್ರ, ದಿನಕ್ಕೆ ಒಂದೆರಡು ಪುಟ ತಿದ್ದಿದರೆ ತಿದ್ದಿದೆ, ಇಲ್ಲದಿದ್ದರೆ ಇಲ್ಲ. ಫೆಬ್ರವರಿ ಮಧ್ಯದಿಂದ ಮೇ ಕೊನೆಯವರೆಗೆ ದಿನಕ್ಕೆ ಐದು ಪುಟ ಖಾತ್ರಿ. ಮುಂಗಾರು ಬಿತ್ತನೆ ಶುರುವಾದರೆ ಮತ್ತೆ ಕಡಿಮೆ. ಅವರಿಗೂ ಇದು ಒಪ್ಪಿಗೆಯಾಯಿತು. ಮೊದಲು ಎಲ್ಲರಿಗೂ ತಿಂಗಳಿಗೆ ಇಷ್ಟು ಪುಟ ಎಂದು ಒಂದೇ ಅಳತೆಯಿತ್ತು. ಆ ಅಳತೆಗೆ ರೈತರು ನಿಲ್ಲುವುದಿಲ್ಲ, ಎರಡು ತಿಂಗಳಿಗೆ ಬಿಟ್ಟು ಹೋಗುತ್ತಾರೆ.

ಸಾರಕ್ಕಿಗೆ ಹೋಗುವ ದಿನವೇ ಪುಸ್ತಕಕ್ಕೂ

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಊರಿನ ಮೂರು ನಾಲ್ಕು ಮನೆಯವರ ಅವರೆ, ಸೊಪ್ಪು ಒಂದೇ ಗೂಡ್ಸ್ ಆಟೋದಲ್ಲಿ ಸಾರಕ್ಕಿ ಮಾರುಕಟ್ಟೆಗೆ ಹೊರಡುತ್ತದೆ. ಎಂಟು ಗಂಟೆಯೊಳಗೆ ವ್ಯಾಪಾರ ಮುಗಿಯುತ್ತದೆ. ಇಡ್ಲಿ ತಿಂದು ಜೆ.ಪಿ. ನಗರದ ಮನೆಗೆ ನಡೆದೇ ಹೋಗುತ್ತೇನೆ. ಒಂಬತ್ತರಿಂದ ಒಂದರವರೆಗೆ ಚಿತ್ರದ ಕೆಲಸ. ವಾಪಸು ಬರಲು ಮೆಟ್ರೋ. 2017ರಲ್ಲಿ ಯಲಚೇನಹಳ್ಳಿಯವರೆಗೆ ಬಂದದ್ದು 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂತು. ಅಲ್ಲಿಂದ ಬಸ್ಸು. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರುತ್ತೇನೆ.

ಪುಸ್ತಕಕ್ಕೆಂದೇ ಬೇರೆ ಪ್ರಯಾಣ ಮಾಡುವುದಿಲ್ಲ. ಇದು ನಾನು ಹಾಕಿಕೊಂಡ ಕಟ್ಟು. ಮಾರುಕಟ್ಟೆಗೆ ಹೋಗದ ವಾರ ಪುಸ್ತಕಕ್ಕೂ ರಜೆ. ಒಂದು ಎಚ್ಚರಿಕೆ: ಅವರೆ ಕಿತ್ತ ಕೈಯಲ್ಲಿ ಸೊಗಡಿನ ಎಣ್ಣೆ ಅಂಟಿರುತ್ತದೆ. ಸೀಗೆಪುಡಿ ಹಾಕಿ ಉಜ್ಜಿ, ಪೂರ್ತಿ ಒಣಗಿಸಿಕೊಂಡ ಮೇಲೆಯೇ ಪುಸ್ತಕ ಮುಟ್ಟುವುದು.

ಮಳೆ ಬಂದರೆ ಎಲ್ಲ ಲೆಕ್ಕವೂ ರದ್ದು. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಬೆಂಗಳೂರಿನ ಸುತ್ತ ಹಿಡಿದುಕೊಂಡಾಗ ಕೊಯ್ದ ರಾಗಿ ಹೊಲದಲ್ಲಿತ್ತು. ತೆನೆ ನೆನೆದು ಎರಡು ದಿನ ಬಿದ್ದಿದ್ದರೆ ಮೊಳಕೆ, ಹುಲ್ಲೂ ಕಪ್ಪು. ಮನೆಮಂದಿಯೆಲ್ಲ ಸೇರಿ ಕಂತೆಗಳನ್ನು ಎತ್ತಿ ನಿಲ್ಲಿಸಿ, ಹೊಳವಾದಾಗ ಬಿಡಿಸಿ ಹರಡಿ ಒದ್ದಾಡಿದೆವು. ಆ ವಾರ ಒಂದು ಪುಟವೂ ಮುಟ್ಟಲಿಲ್ಲ. ಗುಂಪಿಗೆ ಒಂದು ಫೋನು, ಅಷ್ಟೇ. ಅಲ್ಲಿ ಬೇರೆಯವರು ನನ್ನ ಜಾಗದಲ್ಲಿ ನಿಂತರು. ಪ್ರತಿ ಕೆಲಸಕ್ಕೂ ಇಬ್ಬರನ್ನು ತಯಾರು ಮಾಡಿಟ್ಟಿದ್ದರಿಂದ ಇದು ಸಾಧ್ಯವಾಯಿತು.

ಅವರೆ ಸುಲಿಯುವ ಹೊತ್ತು, ಓದುವ ಹೊತ್ತು

ಸುಗ್ಗಿಯ ಒಂದೆರಡು ಪುಟ ಹೇಗೆ ಸಾಗುತ್ತದೆಂದರೆ, ಸಂಜೆ ಏಳರ ಮೇಲೆ ನಮ್ಮನೆಯಲ್ಲಿ ಎಲ್ಲರೂ ಕುಳಿತು ಅವರೆ ಸುಲಿಯುತ್ತಾರೆ. ನೆನೆಸಿ ಹಿತಕಿದ ಬೇಳೆಗೆ ಕಾಯಿಗಿಂತ ಒಳ್ಳೆಯ ಬೆಲೆ. ಕೈಗೆ ಕೆಲಸ, ಕಿವಿ ಖಾಲಿ. ಮಗಳು ಫೋನಿನಲ್ಲಿ ಪುಟದ ಚಿತ್ರ ನೋಡಿಕೊಂಡು ಗಟ್ಟಿಯಾಗಿ ಓದುತ್ತಾಳೆ. ನಾನು ಕಂಪ್ಯೂಟರಿನಲ್ಲಿ ಯಂತ್ರ ಕೊಟ್ಟ ಪಠ್ಯವನ್ನು ನೋಡುತ್ತಾ ತಪ್ಪು ಸಿಕ್ಕಲ್ಲಿ ನಿಲ್ಲಿಸುತ್ತೇನೆ. ಹಿಂದೆ ಅಚ್ಚುಕೂಟಗಳಲ್ಲಿ ಕರಡು ತಿದ್ದುತ್ತಿದ್ದದ್ದೂ ಹೀಗೇ, ಒಬ್ಬರು ಓದುವುದು, ಇನ್ನೊಬ್ಬರು ನೋಡುವುದು. ಒಬ್ಬರೇ ಮೌನವಾಗಿ ಓದಿದರೆ ಕಣ್ಣು ತಪ್ಪನ್ನು ಹಾರಿಸಿಕೊಂಡು ಹೋಗುತ್ತದೆ. ಇಬ್ಬರಾದರೆ ಸಿಕ್ಕಿಬೀಳುತ್ತದೆ.

ಕರೆಂಟು ಹೋದರೆ ಅಲ್ಲಿಗೆ ನಿಲ್ಲಿಸುವುದು. ನೆಟ್‌ವರ್ಕ್ ಸಿಗದಿದ್ದರೆ ತಿದ್ದಿದ್ದನ್ನು ಫೈಲಿನಲ್ಲಿಟ್ಟು ಮಾರನೇ ದಿನ ಏರಿಸುವುದು. ಒಂಬತ್ತರ ಮೇಲೆ ಕುಳಿತುಕೊಳ್ಳುವುದಿಲ್ಲ. ಬೆಳಗ್ಗೆ ಐದಕ್ಕೆ ಹಸು ಕೂಗುತ್ತದೆ.

ರೈತರ ಕಣ್ಣು ಏಕೆ ಬೇಕು?

ಓದಿದವರು ಬೇಕಾದಷ್ಟು ಜನರಿದ್ದಾರಲ್ಲ, ರೈತನಿಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ಒಂದು ಉದಾಹರಣೆ ಕೊಡುತ್ತೇನೆ. ಬೇಸಾಯದ ಹಳೆಯ ಪುಸ್ತಕವೊಂದರ ಪುಟದಲ್ಲಿ "ಹಗೇವು" ಎಂದಿತ್ತು. ಗುಂಪಿನ ಹುಡುಗನೊಬ್ಬ ಇದು ಯಂತ್ರದ ತಪ್ಪೆಂದು ತಿಳಿದು "ಹಗೆಯು" ಎಂದು ತಿದ್ದಿದ. ಅಲ್ಲಿಗೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ ಶತ್ರುವಾಯಿತು! ಎರಡನೇ ಓದಿಗೆ ಆ ಪುಟ ನಮ್ಮನೆಗೆ ಬಂತು. ನನ್ನ ತಾಯಿ ಅವರೆ ಸುಲಿಯುತ್ತಲೇ, "ಹಗೇವು ಕಣಪ್ಪ, ನಮ್ಮ ತೌರುಮನೆ ಅಂಗಳದಲ್ಲಿತ್ತು. ಬಾಯಿ ತೆಗೆದ ತಕ್ಷಣ ಇಳಿಯೋ ಹಂಗಿರಲಿಲ್ಲ, ಗಾಳಿ ಆಡಬೇಕಿತ್ತು" ಎಂದರು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿ ಇಳಿದವರ ಪ್ರಾಣ ಹೋಗುವುದುಂಟು. ಪುಸ್ತಕದ ಮುಂದಿನ ಸಾಲಿನಲ್ಲಿ ಇದ್ದದ್ದೂ ಅದೇ ಎಚ್ಚರಿಕೆ.

ಹೀಗೆಯೇ ಅರಿ, ಮೇಟಿ, ಕೂರಿಗೆ, ಅಕ್ಕಡಿ. ನಿಘಂಟಿನಲ್ಲಿ ಇವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದಶಕಗಳ ಕಾಲ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಇಲ್ಲೇ ಜಯನಗರದಲ್ಲಿದ್ದವರು, 2021ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೂ ಮೊದಲು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿದ ಕಿಟೆಲ್ಲರ ನಿಘಂಟು ಇದೆ. ಆದರೆ ನಿಘಂಟು ತೆಗೆದು ನೋಡಬೇಕೆಂದು ಅನುಮಾನ ಬರಬೇಕಲ್ಲ! "ಅರಿ" ಎಂದರೆ ಶತ್ರು ಎಂದು ಶಾಲೆಯಲ್ಲಿ ಕಲಿತವರಿಗೆ ಕೊಯ್ದ ಪೈರಿನ ಹಿಡಿ ನೆನಪಾಗುವುದಿಲ್ಲ. ಕುಡುಗೋಲು ಹಿಡಿದವರಿಗೆ ಮೊದಲು ನೆನಪಾಗುವುದು ಅದೇ.

ನಾವು ಕೂರುವ ಜಾಗದ ಸುತ್ತಮುತ್ತಲೇ ನೋಡಿ. ಬಿಟಿಎಂ ಲೇಔಟ್ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರುಗಳು ಮೂರು ಅಕ್ಷರವಾದವು. ಜೆ.ಪಿ. ನಗರದ ಒಳಗೆ ಸಾರಕ್ಕಿ, ಪುಟ್ಟೇನಹಳ್ಳಿಗಳಿವೆ. ಗುಂಪಿಗೆ ಬರುವ ಸಾರಕ್ಕಿಯ ಹಿರಿಯರೊಬ್ಬರು ತಮ್ಮ ರಾಗಿ ಹೊಲವಿದ್ದ ಜಾಗದ ಅಪಾರ್ಟ್‌ಮೆಂಟನ್ನು ಕೈತೋರಿಸಿ ಹೇಳುತ್ತಾರೆ. ಹೊಲ ಹೋದ ಕಡೆ ಹೊಲದ ಮಾತೂ ಒಂದು ತಲೆಮಾರಿನಲ್ಲಿ ಹೋಗುತ್ತದೆ. ಅವರಂಥವರು, ನನ್ನ ತಾಯಿಯಂಥವರು ಇರುವಾಗಲೇ ಆ ಪುಟಗಳನ್ನು ಅವರ ಮುಂದೆ ಓದಿಬಿಡಬೇಕು. ಹಾಗೆ ನೋಡಿದರೆ ತಿದ್ದುವ ಕೆಲಸದಲ್ಲೂ ಕಾಯದ ಒಂದು ಪಾಲಿದೆ. ಅದಕ್ಕೇ ಬೇಸಾಯ, ಅಡುಗೆ, ದನಕರು, ಗಿಡಮೂಲಿಕೆಯ ಪುಸ್ತಕಗಳನ್ನು ಸರದಿಯಲ್ಲಿ ಮುಂದಕ್ಕೆ ಹಾಕಿದ್ದೇವೆ. ಕಥೆ ಕಾದಂಬರಿ ಹಿಂದೆ ಬರಲಿ.

ಇದು ಮುಯ್ಯಾಳಿನ ಲೆಕ್ಕ

ಸ್ವಯಂಸೇವೆ ಎಂಬ ಮಾತು ದೊಡ್ಡದು. ನಾನು ಇದನ್ನು ಮುಯ್ಯಾಳು ಎಂದು ತಿಳಿದಿದ್ದೇನೆ. ನಿಮ್ಮ ಕಣಕ್ಕೆ ನಾವು, ನಮ್ಮ ಕಣಕ್ಕೆ ನೀವು. ನಾನು ತಿದ್ದಿದ ಪುಟವನ್ನು ಬನಶಂಕರಿಯ ನಿವೃತ್ತ ಮೇಷ್ಟ್ರು ನೋಡುತ್ತಾರೆ, ಅವರು ತಿದ್ದಿದ್ದನ್ನು ನಾನು ನೋಡುತ್ತೇನೆ. ಅವರಿಗೆ ಹಳಗನ್ನಡದ ಱ, ೞ ಗೊತ್ತು, ನನಗೆ ನೇಗಿಲಿನ ಭಾಗಗಳು ಗೊತ್ತು. ಮುಯ್ಯಿಯಲ್ಲಿ ಒಂದು ಕಟ್ಟುನಿಟ್ಟಿದೆ: ಬರುತ್ತೇನೆಂದ ದಿನ ಬರಬೇಕು, ಆಗದಿದ್ದರೆ ಹಿಂದಿನ ದಿನವೇ ಹೇಳಿಬಿಡಬೇಕು. ಪುಸ್ತಕದ ಕೆಲಸ ನಿಂತಿರುವುದೂ ಇದರ ಮೇಲೆಯೇ.

ಕಳೆದ ಸುಗ್ಗಿಯ ಎರಡು ತಿಂಗಳಲ್ಲಿ ನನ್ನ ಕೈಯಲ್ಲಿ ಚಿತ್ರವಾದದ್ದು 14 ಪುಸ್ತಕ, ತಿದ್ದಿದ್ದು 52 ಪುಟ. ಫೆಬ್ರವರಿಯಿಂದ ಮೇವರೆಗೆ ತಿದ್ದಿದ್ದು 430 ಪುಟ. ಅವರೆಯ ಒಂದು ಕೀಳುವಿಕೆಯೂ ತಪ್ಪಲಿಲ್ಲ.

ಸೇರಬೇಕೆನ್ನುವ ರೈತರಿಗೆ

* ಮೊದಲು ನಿಮ್ಮ ಬೆಳೆಯ ಪಂಚಾಂಗ ಬರೆಯಿರಿ. ಕಾಯದ ಕೆಲಸದ ವಾರಗಳಿಗೆ ಕೆಂಪು ಗೆರೆ. ಆ ವಾರಗಳಲ್ಲಿ ಯಾವ ಪುಸ್ತಕವನ್ನೂ ಒಪ್ಪಿಕೊಳ್ಳಬೇಡಿ.
* ಪುಸ್ತಕ ಒಪ್ಪಿಕೊಳ್ಳಬೇಡಿ, ಪುಟ ಒಪ್ಪಿಕೊಳ್ಳಿ. ಹತ್ತು ಪುಟ ಮುಗಿಸಿ ಮತ್ತೆ ಹತ್ತು ಕೇಳುವುದು ಸುಲಭ.
* ಶುರು ಮಾಡಲು ಸುಗ್ಗಿ ಒಳ್ಳೆಯ ಕಾಲವಲ್ಲ. ಫೆಬ್ರವರಿಯಲ್ಲಿ ಕಲಿಯಿರಿ.
* ಫೋನಿನಲ್ಲಿ ಓದಬಹುದು, ತಿದ್ದುವುದು ಕಷ್ಟ. ಹಳೆಯ ಕಂಪ್ಯೂಟರಾದರೂ ಸಾಕು.
* ಹಳೆಯ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ. ನೆರಳಲ್ಲಿ ಗಾಳಿಯಾಡಲು ಬಿಟ್ಟು, ಮೆತ್ತನೆ ಬ್ರಷ್ಷಿನಿಂದ ದೂಳು ತೆಗೆಯಿರಿ. ಹರಿದ ಪುಟಕ್ಕೆ ಅಂಟುಪಟ್ಟಿ ಬೇಡವೇ ಬೇಡ.
* ಲೇಖಕರು ತೀರಿಕೊಂಡ ವರ್ಷ ಖಚಿತವಾಗದೆ ಯಾವ ಪುಸ್ತಕವನ್ನೂ ಏರಿಸಬೇಡಿ.
* ಮನೆಯ ಹಿರಿಯರಿಗೆ ಓದಿ ಹೇಳಿ. ಅವರು ಹೇಳಿದ ಅರ್ಥವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ.

ಅಟ್ಟದ ಮೇಲೆ, ಪೆಟ್ಟಿಗೆಯ ಅಡಿಯಲ್ಲಿ ಹಳೆಯ ಬೇಸಾಯದ ಪುಸ್ತಕವೋ, ಪಂಚಾಂಗವೋ, ದನದ ಔಷಧದ ಕೈಪಿಡಿಯೋ ಇದ್ದರೆ ಈ ಸಲ ಮನೆ ಸುಣ್ಣ ಬಳಿಯುವಾಗ ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಮೊದಲ ಪುಟದಲ್ಲಿ ಅಚ್ಚಾದ ವರ್ಷ, ಬರೆದವರ ಹೆಸರು ಇರುತ್ತದೆ. ಅವೆರಡನ್ನು ಗುರುತು ಹಾಕಿಕೊಂಡು ಪುಸ್ತಕವನ್ನು ಕಾಗದದಲ್ಲಿ ಸುತ್ತಿ, ಇಲಿ ಗೆದ್ದಲು ಹತ್ತದ ಕಡೆ ಇಟ್ಟಿರಿ. ಉಳಿದದ್ದನ್ನು ಕಣ ಮುಗಿದ ಮೇಲೆ ನೋಡಿಕೊಳ್ಳಬಹುದು.